ಶಕೆ 1834ರ ಕಾದಂಬರಿಯ ಮರುಮುದ್ರಣ: ಸ್ಕ್ಯಾನ್ ಪ್ರತಿಯನ್ನೇ ಅಚ್ಚಿಗೆ ಕೊಡಬಹುದೇ?

ಗದಗಿನ ಓದುಗ:

ಧಾರವಾಡದಲ್ಲಿ ಅಚ್ಚಾದ, ಈಗ ಎಲ್ಲೂ ಸಿಗದ ಕಾದಂಬರಿಯೊಂದನ್ನು ನಮ್ಮ ಓದುಗರ ಬಳಗದಿಂದ 300 ಪ್ರತಿ ತರುವ ವಿಚಾರವಿದೆ. ಒಳಹಾಳೆಯಲ್ಲಿ ಶಕೆ 1834 ಎಂದಿದೆ, ಕೆಳಗೆ ‘1867ರ 25ನೇ ಆಕ್ಟಿನ ಪ್ರಕಾರ ರಜಿಸ್ಟರ ಮಾಡಿದೆ’ ಎಂಬ ಸಾಲು. ಲೇಖಕರು 1938ರಲ್ಲಿ ತೀರಿಕೊಂಡರೆಂದು ಮನೆತನದವರ ಮಾತು. ಮರಾಠಿ ಕಾದಂಬರಿಯೊಂದನ್ನು ಅನುಸರಿಸಿ ಬರೆದದ್ದೆಂದು ಪೀಠಿಕೆಯಲ್ಲೇ ಹೇಳಿದ್ದಾರೆ. ಒಳಗೆ ನಾಲ್ಕು ಗೆರೆಚಿತ್ರಗಳಿವೆ, ಚಿತ್ರಕಾರರ ಸಹಿ ಇದೆ.

ಕೈಯಲ್ಲಿರುವ ಪ್ರತಿ ಕ್ರೌನ್ 1/8 ಅಳತೆಯದು, 176 ಪುಟ. ನಡುವೆ ಎರಡು ಹಾಳೆ ಇಲ್ಲ, ಕಾಗದ ಕಂದಿ ಮುರಿಯುತ್ತಿದೆ. ಆರ್ಕೈವ್.ಆರ್ಗ್‌ನಲ್ಲಿ ಇದೇ ಪುಸ್ತಕದ ಕಪ್ಪುಬಿಳುಪು ಸ್ಕ್ಯಾನ್ ಇದೆ. ಅದರಲ್ಲಿ ಆ ಹಾಳೆಗಳಿವೆ, ಆದರೆ ಒಂದು ಬದಿ ಸಾಲಿನ ತುದಿ ಕತ್ತರಿಸಿಹೋಗಿದೆ. ಹಕ್ಕಿನ ತೊಡಕು ಬರುತ್ತದೆಯೇ? ಆ ಪಿಡಿಎಫ್ ಅನ್ನೇ ಅಚ್ಚಿಗೆ ಕೊಡಬಹುದೇ, ಇಲ್ಲಾ ಮೊದಲಿಂದ ಟೈಪ್ ಮಾಡಿಸಬೇಕೇ?

ಸಾಧನಕೇರಿ:

ಹಕ್ಕಿನ ಮಾತು ಮೊದಲು ಮುಗಿಸೋಣ. ಶಕೆಗೆ 78 ಕೂಡಿಸಿ: 1912–13. ‘1867ರ ಆಕ್ಟು’ ಎಂಬ ಸಾಲು ಕಂಡು ಹೆದರಬೇಡಿ. ಅದು ಆಗಿನ ಕಾಲಕ್ಕೆ ಪುಸ್ತಕವನ್ನು ಸರಕಾರದಲ್ಲಿ ನೋಂದಾಯಿಸಿದ ಗುರುತು, ಹಕ್ಕಿನ ಅವಧಿಯನ್ನು ಅದು ಒಂದು ದಿನವೂ ಹಿಗ್ಗಿಸುವುದಿಲ್ಲ.

ಲೆಕ್ಕ ಲೇಖಕರ ಮರಣದಿಂದ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಮೊದಲು ಮರಣದ ನಂತರ 50 ವರ್ಷವಿತ್ತು, 1992ರ ತಿದ್ದುಪಡಿ ಅದನ್ನು 60 ಮಾಡಿತು. ಎಣಿಕೆ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿ 1ರಿಂದ. 1938 ಎಂಬುದು ಖರೆ ಆದರೆ ನಿಮ್ಮ ಲೇಖಕರ ಹಕ್ಕು 1988ಕ್ಕೇ ಮುಗಿದಿದೆ. ತಿದ್ದುಪಡಿ ಬರುವ ಮೊದಲೇ ಮುಗಿದದ್ದು ಮತ್ತೆ ಜೀವ ಪಡೆಯುವುದಿಲ್ಲ. ಆಲೂರ ವೆಂಕಟರಾಯರು, ಫ.ಗು. ಹಳಕಟ್ಟಿಯವರು ಇಬ್ಬರೂ ತೀರಿಕೊಂಡದ್ದು 1964ರಲ್ಲಿ, ಹಾಗಾಗಿ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಬರಹ 2025ರ ಜನವರಿ 1ರಿಂದ ಮುಕ್ತ. ಹುಯಿಲಗೋಳ ನಾರಾಯಣರಾಯರು 1971. ಅವರದು 2031 ಮುಗಿಯುವವರೆಗೆ ಮುಟ್ಟುವಂತಿಲ್ಲ. ಜನ ಇಲ್ಲೇ ಎಡವುತ್ತಾರೆ: ಪುಸ್ತಕ ಎಷ್ಟು ಹಳೆಯದು ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ. 1920ರಲ್ಲಿ ಬರೆದವರು 1980ರ ತನಕ ಬದುಕಿದ್ದರೆ ಪುಸ್ತಕ ಇನ್ನೂ ವಾರಸುದಾರರದ್ದೇ.

ಮನೆತನದವರ ಮಾತೊಂದೇ ಸಾಲದು, ಕಾಗದ ಇರಲಿ. ಮರಣ ನೋಂದಣಿ, ಇಲ್ಲವೇ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ವಾರಸುದಾರರ ಹೆಸರು ಏರಿದ ವರ್ಷ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ದಂಥ ಹಳೆಯ ಪತ್ರಿಕೆಗಳ ಸಂಪುಟಗಳಲ್ಲಿ ಮರಣವಾರ್ತೆ ಸಿಕ್ಕರೂ ಆದೀತು.

ಮರಾಠಿ ಮೂಲದವರದ್ದೂ ಇದೇ ಲೆಕ್ಕ, ಬೇರೆಯಾಗಿ. ಹರಿ ನಾರಾಯಣ ಆಪ್ಟೆಯವರಂತೆ 1919ರಲ್ಲಿ ತೀರಿಕೊಂಡವರಾದರೆ ಪ್ರಶ್ನೆಯೇ ಇಲ್ಲ. ನಿಜವಾದ ತೊಡಕು ಚಿತ್ರಗಳದು. ಚಿತ್ರಕಾರರಿಗೆ ಅವರದೇ ಹಕ್ಕು, ಅವರ ಮರಣದಿಂದ 60 ವರ್ಷ. 1912ರಲ್ಲಿ ತರುಣರಾಗಿದ್ದರೆ 1970ರವರೆಗೂ ಬದುಕಿರಬಹುದು. ವರ್ಷ ಗೊತ್ತಾಗದಿದ್ದರೆ ಆ ನಾಲ್ಕು ಚಿತ್ರ ಕೈಬಿಡುವುದೇ ಲೇಸು. ನಂತರದ ಆವೃತ್ತಿಗೆ ಬೇರೆಯವರು ಬರೆದ ಮುನ್ನುಡಿಗೂ ಇದೇ ಮಾತು. ಉದಾಹರಣೆಗೆ ಬೇಂದ್ರೆಯವರ ಮುನ್ನುಡಿ ಇದ್ದರೆ 2041ರ ಕೊನೆಯವರೆಗೆ ಅನುಮತಿ ಬೇಕು.

ಕರಡು ಕಣ್ಣು:

ಸ್ಕ್ಯಾನ್ ಪಿಡಿಎಫ್ ಅನ್ನು ಹಾಗೇ ಅಚ್ಚು ಹಾಕಬೇಡಿ. ಆರ್ಕೈವ್.ಆರ್ಗ್‌ನಲ್ಲಿರುವ ಹಳೆಯ ಡಿಜಿಟಲ್ ಲೈಬ್ರರಿ ಸ್ಕ್ಯಾನ್‌ಗಳು ಬಹುತೇಕ ಅಪ್ಪಟ ಕಪ್ಪು ಮತ್ತು ಬಿಳುಪು, ನಡುವೆ ಬೂದು ಛಾಯೆ ಇಲ್ಲ. ಮಸಿ ತೆಳುವಾಗಿ ಬಿದ್ದಲ್ಲಿ ಒತ್ತಕ್ಷರದ ಬಾಲ, ಮಹಾಪ್ರಾಣದ ಸೀಳು ಮಾಯವಾಗಿರುತ್ತವೆ. ಹಿಂಬದಿಯ ಅಕ್ಷರ ಮೂಡಿದಲ್ಲಿ ಕಪ್ಪು ಮಚ್ಚೆ. ತೆರೆಯ ಮೇಲೆ ಓದಲು ನಡೆಯುತ್ತದೆ, ಕಾಗದಕ್ಕೆ ಬಂದಾಗ ಕಣ್ಣಿಗೆ ಕಸ.

ನಿಮ್ಮ ಪ್ರತಿಯನ್ನೇ ಹೊಸದಾಗಿ ಸ್ಕ್ಯಾನ್ ಮಾಡಿ. 400 ಡಿಪಿಐ, ಗ್ರೇಸ್ಕೇಲ್ (ಬೂದು ಛಾಯೆ ಸಮೇತ). ಪುಟದ ಹಿಂದೆ ಕರಿ ಹಾಳೆ ಇಟ್ಟರೆ ಆಚೆ ಬದಿಯ ಅಕ್ಷರ ಕಾಣುವುದಿಲ್ಲ. ಮೂಲೆಯನ್ನು ಸ್ವಲ್ಪ ಮಡಚಿದರೇ ಮುರಿಯುವ ಕಾಗದವಾದರೆ ಗಾಜಿನ ಮೇಲೆ ಬೋರಲು ಒತ್ತಬೇಡಿ, ಬೆನ್ನು ಬಿಡುತ್ತದೆ. 90 ಡಿಗ್ರಿಗಿಂತ ಹೆಚ್ಚು ತೆರೆಯದೆ ಎರಡು ದಿಂಬಿನ ನಡುವೆ ಕೂರಿಸಿ ಮೇಲಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಹರಿದಲ್ಲಿ ಸೆಲೋಟೇಪ್ ಹಚ್ಚಲೇಬೇಡಿ. ಸ್ಕ್ಯಾನ್‌ಟೇಲರ್ ತಂತ್ರಾಂಶದಲ್ಲಿ ವಾರೆ ತಿದ್ದಿ, ಅಂಚು ಕತ್ತರಿಸಿ.

ಹೋದ ಹಾಳೆ ಎರಡೇ ಎಂದು ಪುಟಸಂಖ್ಯೆ ನೋಡಿ ನಂಬಬೇಡಿ. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಪುಸ್ತಕಗಳಲ್ಲಿ ಪ್ರತಿ 8 ಅಥವಾ 16 ಪುಟಕ್ಕೊಮ್ಮೆ ಪುಟದ ಅಡಿಯಲ್ಲಿ ಸಣ್ಣ ಅಂಕಿ ಇರುತ್ತದೆ, ಅದು ಫಾರ್ಮಿನ, ಅಂದರೆ ಒಂದೇ ಹಾಳೆ ಮಡಚಿ ಮಾಡಿದ ಪುಟಗಳ ಕಟ್ಟಿನ ಗುರುತು. ಅದರ ಸರಣಿ ಹಿಡಿದು ನೋಡಿದರೆ ಪುಟಸಂಖ್ಯೆ ಹಾಕದ ಪೀಠಿಕೆ, ಕೊನೆಯ ತಪ್ಪೊಪ್ಪೋಲೆ ಕಾಣೆಯಾಗಿದ್ದರೂ ಗೊತ್ತಾಗುತ್ತದೆ. ಆ ತಪ್ಪೊಪ್ಪೋಲೆ ಬಹಳ ಮುಖ್ಯ, ಲೇಖಕರೇ ಮಾಡಿದ ತಿದ್ದುಪಡಿ ಅದರಲ್ಲಿದೆ. ತುದಿ ಕತ್ತರಿಸಿದ ಸಾಲುಗಳನ್ನು ಊಹಿಸಿ ತುಂಬಬೇಡಿ. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, ಅಲ್ಲಿನ ಕನ್ನಡ ಸಂಶೋಧನಾ ಸಂಸ್ಥೆ, ವಿದ್ಯಾವರ್ಧಕ ಸಂಘ, ಮೂರೂ ಕಡೆ ವಿಚಾರಿಸಿ. ಎಲ್ಲೂ ಸಿಗದಿದ್ದರೆ ಆವರಣದಲ್ಲಿ ‘ಇಲ್ಲಿ ಮೂಲ ತುಂಡಾಗಿದೆ’ ಎಂದು ಅಚ್ಚು ಹಾಕಿ.

ಪಠ್ಯಕ್ಕೆ ಗೂಗಲ್ ಡ್ರೈವ್‌ನ ಓಸಿಆರ್ (ಸ್ಕ್ಯಾನ್ ಚಿತ್ರದ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ಸೌಲಭ್ಯ), ಇಲ್ಲವೇ ಅದೇ ಕೆಲಸದ ಟೆಸೆರಾಕ್ಟ್ ತಂತ್ರಾಂಶ. ಎರಡೂ ಕನ್ನಡ ಓದುತ್ತವೆ, ಎರಡೂ ಒಂದೇ ಕಡೆ ಮುಗ್ಗರಿಸುತ್ತವೆ. ಅರ್ಕಾವತ್ತಿನ ಆಕಾರವೂ ಕನ್ನಡದ ೯ ಅಂಕಿಯೂ ಅವಳಿ. ಹಾಗಾಗಿ ‘ಧರ್ಮ’ ಹೋಗಿ ‘ಧಮ೯’ ಬರುತ್ತದೆ, ‘ಸ್ವಾರ್ಥಿ’ ಹೋಗಿ ‘ಸ್ವಾಥಿ೯’. ಒಂದೇ ಏಟಿಗೆ ಎಲ್ಲ ೯ ತೆಗೆದು ರ್ ಹಾಕಿದರೆ ‘ಧಮರ್’ ಆಗುತ್ತದೆ, ಇಸವಿಗಳೂ ಕೆಡುತ್ತವೆ. ಅಂಕಿಯ ಎಡಕ್ಕೆ ಇನ್ನೊಂದು ಅಂಕಿ ಇದ್ದರೆ, ಅಥವಾ ಖಾಲಿ ಜಾಗವಿದ್ದರೆ ಮುಟ್ಟಬಾರದು. ಎಡಕ್ಕೆ ಅಕ್ಷರ ಅಂಟಿಕೊಂಡಿದ್ದರೆ ೯ ಅಳಿಸಿ, ಸ್ವರಚಿಹ್ನೆ ಒತ್ತಕ್ಷರ ಸಮೇತ ಆ ಇಡೀ ಅಕ್ಷರಕ್ಕಿಂತ ಮೊದಲು, ಅದರ ಎಡಕ್ಕೆ ರ್ ಇಡಬೇಕು. ನಂತರ ಅನುಸ್ವಾರದ ಜಾಗದಲ್ಲಿ ಕೂತ ೦ ಅಂಕಿಯನ್ನು ಹುಡುಕಿ. ಅಚ್ಚಿನಲ್ಲಿ ವ್ಯತ್ಯಾಸ ಕಾಣದು, ಆದರೆ ಇ-ಪುಸ್ತಕ ಮಾಡಿದ ದಿನ ಪದ ಹುಡುಕಿದರೆ ಸಿಗುವುದಿಲ್ಲ.

ಉಳಿದದ್ದು ಕಣ್ಣಿನ ಕೆಲಸ. ದನ–ಧನ, ಬಾರಿ–ಭಾರಿ: ಎರಡೂ ಸರಿಯಾದ ಪದ, ಯಾವ ಕಾಗುಣಿತ ಪರೀಕ್ಷಕವೂ ಹಿಡಿಯುವುದಿಲ್ಲ. ಒಬ್ಬರು ಮೂಲ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡು ನೋಡಬೇಕು. ಒಮ್ಮೆ ಕೂತಾಗ 30 ಪುಟ ದಾಟಿದರೆ ಕಣ್ಣು ಮೋಸ ಮಾಡುತ್ತದೆ. ಮೂರು ಸುತ್ತು ಬೇಕೇಬೇಕು. ಮೂರನೆಯದು ಪುಟ ಕಟ್ಟಿದ ಮೇಲೆ, ಯಾಕೆಂದರೆ ಪುಟ ಕಟ್ಟುವಾಗ ಹೊಸ ತಪ್ಪು ಹುಟ್ಟುತ್ತವೆ.

ಹಾವೇರಿ ಮಾಸ್ತರ:

ಒಂದು ಮಾತು ಸೇರಿಸ್ತೀನಿ. ಹಳೆಯ ಕಾಗುಣಿತ ಹಾಗೇ ಉಳಿಸಿದರೆ ಈಗಿನ ಹುಡುಗರು ಎರಡನೇ ಪುಟಕ್ಕೇ ಪುಸ್ತಕ ಮುಚ್ಚುತ್ತಾರೆ. ‘ಯೆಂದು’, ‘ವೊಂದು’, ಅರ್ಧ ಸಾಲಿನಷ್ಟು ಉದ್ದ ಕೂಡಿಸಿ ಬರೆದ ಪದ, ಉದ್ಧರಣ ಚಿಹ್ನೆಯೇ ಇಲ್ಲದ ಸಂಭಾಷಣೆ. ಯಾರು ಮಾತಾಡಿದರು ಅನ್ನೋದು ತಿಳಿಯುವುದಿಲ್ಲ. ಈಗಿನ ರೂಢಿಗೆ ತಿದ್ದಿದರೆ ತಪ್ಪೇನು?

ಕರಡು ಕಣ್ಣು:

ಮಾಸ್ತರ, ಚಿಹ್ನೆಗೆ ನನ್ನ ತಕರಾರಿಲ್ಲ. ಉದ್ಧರಣ ಹಾಕಿ, ಮೂರು ಪುಟದ ಪ್ಯಾರಾ ಒಡೆಯಿರಿ, ‘ಯೆಂದು’ವನ್ನು ‘ಎಂದು’ ಮಾಡಿ. ಆದರೆ ಪದ ಬದಲಿಸುವುದಕ್ಕೆ ಕೈ ಹಾಕಬೇಡಿ. ‘ಮಾಮಲೇದಾರ’ ಹೋಗಿ ‘ತಹಸೀಲ್ದಾರ್’ ಬಂದರೆ ಮುಂಬಯಿ ಇಲಾಖೆಯ ಧಾರವಾಡವೇ ಪುಸ್ತಕದಿಂದ ಎದ್ದು ಹೋಗುತ್ತದೆ. ಮಾಮಲೇದಾರ, ಖಾನೇಸುಮಾರಿ, ಫಿರ್ಯಾದಿ, ಕೂರಿಗೆ, ಆಣೆ, ಪೈ: ಇಂಥವಕ್ಕೆ ಕೊನೆಯಲ್ಲಿ ನಾಲ್ಕು ಪುಟದ ಪದಕೋಶ ಸಾಕು. ಅಡಿಟಿಪ್ಪಣಿ ಹಾಕಿದರೆ ಕಾದಂಬರಿಯ ಓಟ ಕೆಡುತ್ತದೆ. ಏನೇನು ತಿದ್ದಿದ್ದೀರಿ ಎಂದು ಮೊದಲಲ್ಲೇ ಅರ್ಧ ಪುಟ ಬರೆಯಿರಿ, ಬರೆಯದೆ ತಿದ್ದುವುದು ಮೋಸ. ಜಾತಿಯ ಬಗ್ಗೆ ಇಂದು ಒಪ್ಪಲಾಗದ ಮಾತುಗಳಿದ್ದರೆ ಅವನ್ನೂ ಕತ್ತರಿಸಬೇಡಿ, ಆ ಅರ್ಧ ಪುಟದಲ್ಲೇ ಹೇಳಿ.

ಗದಗಿನ ಓದುಗ:

ತುಂಬ ಉಪಕಾರವಾಯ್ತು. ಹಾಗಾದರೆ ಟೈಪ್ ಮಾಡಿಸುವುದೇ ಸೈ. ಯಾವ ಅಳತೆ, ಎಷ್ಟು ಪುಟ ಆದೀತು? 300ಕ್ಕೆ ಆಫ್‌ಸೆಟ್ ಗಿಟ್ಟುತ್ತದೆಯೇ?

ಅಚ್ಚಿನ ಮನಿ, ಹುಬ್ಬಳ್ಳಿ:

ಲೆಕ್ಕ ಹಾಕೂಣ್ರಿ. ಕ್ರೌನ್ ಪುಟದಾಗ 150 ಶಬ್ದ ಅಂತ ಹಿಡೀರಿ, 176 ಪುಟಕ್ಕ 26,400 ಆಗ್ತದ. ಡೆಮಿ 1/8ದಾಗ, ಅಂದ್ರ ಐದೂವರಿ ಬೈ ಎಂಟೂವರಿ ಇಂಚು, 12 ಪಾಯಿಂಟ್ ಅಕ್ಷರ, 18 ಪಾಯಿಂಟ್ ಸಾಲಿನ ಅಂತರ ಇಟ್ರ 27 ಸಾಲು, ಸುಮಾರು 220 ಶಬ್ದ ಕೂಡ್ತಾವ. 120 ಪುಟ ಆತು. ಅಧ್ಯಾಯದ ತಲಿ, ಪೀಠಿಕೆ, ಪದಕೋಶ ಸೇರಿ 140 ಚಿಲ್ಲರೆ. ಫಾರ್ಮಿಗೆ 16 ಪುಟ, ಒಂಬತ್ತು ಫಾರ್ಮ್ ಅಂದ್ರ 144. ಅಲ್ಲಿಗೇ ನಿಲ್ಲಸ್ರಿ. 146 ಆತಂದ್ರ ಎರಡು ಪುಟಕ್ಕ ಇನ್ನೊಂದು ಫಾರ್ಮ್ ಓಡಿಸಬೇಕಾಗ್ತದ. ಸಾಲಿನ ಅಂತರ 18ಕ್ಕಿಂತ ಕಡಿಮಿ ಮಾಡಬ್ಯಾಡ್ರಿ, ಮ್ಯಾಲಿನ ಸಾಲಿನ ಒತ್ತು ಕೆಳಗಿನ ಗುಡಸಿಗೆ ಬಡೀತದ.

ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ, ನ್ಯಾಚುರಲ್ ಶೇಡ್ ತಗೋರಿ. ಹಾಲಿನಂಥ ಬಿಳುಪು ಕಾದಂಬರಿಗೆ ಬ್ಯಾಡ, ಕಣ್ಣಿಗೆ ಕುಕ್ಕತದ. 23 ಬೈ 36 ಇಂಚಿನ ಒಂದು ಶೀಟಿನಾಗ 32 ಪುಟ, ಅಂದ್ರ ಪ್ರತಿಗೆ ನಾಲ್ಕೂವರಿ ಶೀಟು. 300 ಪ್ರತಿಗೆ 1,350. 500ಕ್ಕ 2,250, ಅಂದ್ರ 500 ಶೀಟಿನ ನಾಲ್ಕೂವರಿ ರಿಮ್ಮು. ಒಂದು ರಿಮ್ಮು 18.7 ಕಿಲೋ ತೂಗ್ತದ, ಕಿಲೋ ದರದ ಕೊಟೇಶನ್ ಬಂದ್ರ ಹಿಂಗ ತಾಳಿ ನೋಡ್ರಿ. ಮ್ಯಾಲ ಹಾಳಾಗೋ ಶೀಟಿನ ಬಾಬತ್ತು ಬ್ಯಾರೆ ಹಿಡೀರಿ.

18 ಬೈ 23ರ ಮಷೀನಿನಾಗ ಒಂದು ಪ್ಲೇಟಿಗೆ 8 ಪುಟ, ಒಟ್ಟು 18 ಪ್ಲೇಟು. ಪ್ಲೇಟು ಮತ್ತ ಮಷೀನ್ ಕಟ್ಟೋ ಖರ್ಚು 300 ಹಾಕಿದ್ರೂ ಅಷ್ಟ, 1,000 ಹಾಕಿದ್ರೂ ಅಷ್ಟ. ಅದಕ್ಕ 300 ಅನ್ನೋದು ಅಡ್ಡಗ್ವಾಡಿ ಮ್ಯಾಲಿನ ಸಂಖ್ಯಾ. ನನ್ನ ಕೇಳಿದ್ರ ಮೊದಲ 50 ಪ್ರತಿ ಡಿಜಿಟಲ್ ಹಾಕಸ್ರಿ, ಓದೂ ಮಂದಿಗೆ ಹಂಚ್ರಿ. ಅವರು ಹಿಡದ ತಪ್ಪು ತಿದ್ದಿ, ಬೇಡಿಕಿ ನೋಡಿ, ಆಮ್ಯಾಲ 500 ಆಫ್‌ಸೆಟ್. ತಪ್ಪಿರೋ 500 ಪ್ರತಿ ಮನ್ಯಾಗ ಇಟ್ಕೊಂಡು ಮಾಡೋದೇನ್ರಿ?

ಟೈಪ್ ಮಾಡೋರಿಗೆ ಮೊದಲ ದಿನಾನ ಹೇಳ್ರಿ: ಯೂನಿಕೋಡ್ ಬೇಕು. ಪೇಜ್‌ಮೇಕರ್‌ದಾಗ ಹಳೇ ನುಡಿ, ಶ್ರೀಲಿಪಿ ಅಕ್ಷರದಾಗ ಮಾಡಿಕೊಟ್ರ ಅಚ್ಚೇನೋ ಚಂದ ಬರ್ತದ, ಆದ್ರ ನಾಳೆ ಇ-ಪುಸ್ತಕ ಮಾಡಾಕ ಪರಿವರ್ತಕಕ್ಕ ಹಾಕಿದ್ರ ಅಂಕಿ, ಉದ್ಧರಣ ಚಿಹ್ನೆ ಎಲ್ಲಾ ಕಲಸಿ ಬರ್ತಾವ. ಇನ್‌ಡಿಸೈನ್ ಇದ್ರ ಪ್ಯಾರಾ ಸೆಟ್ಟಿಂಗಿನಾಗ ವರ್ಲ್ಡ್ ರೆಡಿ ಕಂಪೋಸರ್ ಆರಿಸಬೇಕು, ಇಲ್ಲಾಂದ್ರ ಒತ್ತಕ್ಷರ ಬಿಚ್ಚಿ ಬೀಳ್ತಾವ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಎರಡೂ ಪುಕ್ಕಟ ಲೈಸೆನ್ಸಿನವು, ಪುಸ್ತಕಕ್ಕ ಬಳಸಬಹುದು.

ಪಿಡಿಎಫ್ ಕಳಸೂಮುಂದ ಫಾಂಟ್ ಎಂಬೆಡ್ ಆಗಿರ್ಬೇಕು (ಕಡತದಾಗ ಸೇರಿರ್ಬೇಕು), ಅಕ್ಷರದ ಕಪ್ಪು ಬರೇ ಕೆ 100, ಅಂದ್ರ ಕಪ್ಪು ಮಸಿ ಒಂದ. ವರ್ಡ್‌ನಿಂದ ನೇರ ಬಂದದ್ದು ಕೆಲವೊಮ್ಮೆ ನಾಲ್ಕು ಬಣ್ಣ ಕೂಡಿದ ಕಪ್ಪಾಗಿರ್ತದ. ಹೊಲಿಗಿ ಕಡೆ ಅಂಚು 20 ಮಿ.ಮೀ. ಬಿಡ್ರಿ. ಬೆನ್ನು ಆರೂವರಿ ಮಿ.ಮೀ. ಹತ್ರ ಬರ್ತದ, ಆದ್ರ ರಕ್ಷಾಪುಟ ಮಾಡೂ ಮೊದಲ ಅದೇ ಕಾಗದದ್ದು ಖಾಲಿ ಡಮ್ಮಿ ಮಾಡಿಸಿ ಅಳೀರಿ. ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಶನ್, ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗೋ ಹೆಚ್ಚಿನ ಅಂಚು). ಗ್ರಂಥಾಲಯಕ್ಕ ಕೊಡೋ ಪ್ರತಿ ಬರೇ ಅಂಟು ಹಚ್ಚಿದ್ದು ಬ್ಯಾಡ, ಫಾರ್ಮ್ ಹೊಲಿಸ್ರಿ. ಕಾಗದದ ನಾರು ಬೆನ್ನಿಗೆ ಸಮಾಂತರ ಇರ್ಬೇಕು. ಅಡ್ಡ ಬಂದ್ರ ಪುಸ್ತಕ ತೆರೆದಲ್ಲಿ ನಿಲ್ಲಂಗಿಲ್ಲ, ಮಳಿಗಾಲದಾಗ ಪುಟ ಅಲಿ ಅಲಿ ಆಗ್ತಾವ.

ಸಾಧನಕೇರಿ:

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬಿಟ್ಟುಹೋಯಿತು. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಬಳಗದ ಹೆಸರಲ್ಲಿ ಅರ್ಜಿ ಹಾಕಿ, ಶುಲ್ಕವಿಲ್ಲ. ಪುಟ ಕಟ್ಟುವ ಮೊದಲೇ ಹಾಕಿ, ಸಂಖ್ಯೆ ಬರುವುದು ತಡವಾದರೆ ಮುದ್ರಣ ಕಾಯುತ್ತ ಕೂರುತ್ತದೆ. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ಬೇಕು. ವಿವರ ಪುಟದಲ್ಲಿ ಮೂಲ ಮುದ್ರಣದ ಶಕೆ, ಇಸವಿ, ಮುದ್ರಣಾಲಯದ ಹೆಸರು, ಯಾವ ಗ್ರಂಥಾಲಯದ ಪ್ರತಿಯಿಂದ ಕಾಣೆಯಾದ ಪುಟ ತುಂಬಿದಿರಿ ಎಂಬುದಿರಲಿ. ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಎಂದು ರೂಢಿಗೆ ಹಾಕಬೇಡಿ. ಕಾದಂಬರಿ ಸಾರ್ವಜನಿಕರದ್ದು, ನಿಮ್ಮದು ಪದಕೋಶ ಮತ್ತು ಹೊಸ ಮುನ್ನುಡಿ ಮಾತ್ರ.

1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು ಕಳಿಸಬೇಕು. ಈ ನಾಲ್ಕನ್ನು ಮಾರುವ ಲೆಕ್ಕದಲ್ಲಿ ಹಿಡಿಯಬೇಡಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದ ಮತ್ತು ಅಚ್ಚಿನ ಬಿಲ್ಲಿನಲ್ಲಿ ಇರುತ್ತದೆ, ಅದು ವಾಪಸು ಸಿಗುವುದಿಲ್ಲ. ಬೆಲೆ ಕಟ್ಟುವಾಗ ಅದನ್ನೂ ಸೇರಿಸಿಯೇ ಕಟ್ಟಿ. ಸರಕಾರಿ ಗ್ರಂಥಾಲಯ ಖರೀದಿಯನ್ನು ನೆಚ್ಚಿ ಪ್ರತಿ ಹೆಚ್ಚಿಸುವ ಮೊದಲು, ಮರುಮುದ್ರಣ ಅದರಲ್ಲಿ ಸೇರುತ್ತದೆಯೇ ಎಂದು ಆ ವರ್ಷದ ಪ್ರಕಟಣೆ ಓದಿ.