ಪೆಟ್ರೋಲಿನ ಮೇಲಿನ ಸಿಟ್ಟಿಗೆ ಕಾರು ಕೊಳ್ಳಬೇಡ, ತಮ್ಮಾ

ತಮ್ಮಾ, ನಿನ್ನೆ ರಾತ್ರಿ ನಮ್ಮ ಬಳಗದ ಮೊಬೈಲ್ ಗುಂಪಿನಲ್ಲಿ ಪೆಟ್ರೋಲ್ ಬಂಕಿನ ರಸೀದಿಯ ಫೋಟೊ ಹಾಕಿ, "ಸಾಕಾಯಿತು, ಹಳೆಯ ಕಾರು ಮಾರಿ ವಿದ್ಯುತ್ ಕಾರು ತೆಗೆದುಕೊಳ್ಳುತ್ತೇನೆ, ಬೇಡ ಎನ್ನುವವರು ಯಾರಾದರೂ ಇದ್ದರೆ ಈಗಲೇ ಹೇಳಿ" ಎಂದು ಕೇಳಿದ್ದೀಯ. ಬೆಳಗಾಗುವಷ್ಟರಲ್ಲಿ ಅರ್ಧ ಬಳಗ ಹೆಬ್ಬೆರಳು ಎತ್ತಿ ಶಹಬ್ಬಾಸ್ ಹೇಳಿಬಿಟ್ಟಿದೆ. ನಾನು ಬೇಡ ಎನ್ನುವವಳು. ಯಾಕೆ ಎಂಬುದನ್ನು ಪೂರ್ತಿ ಕೇಳು. ಮುಧೋಳದ ಕಾಕಾ, ನೀವು ಎಲ್ಲರ ಧ್ವನಿ ಸಂದೇಶವನ್ನೂ ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತೀರಿ ಎಂದು ಗೊತ್ತು. ಇದರಲ್ಲಿ ಲೆಕ್ಕವಿದೆ, ಇದೊಂದನ್ನು ಸಾವಕಾಶವಾಗಿ ಕೇಳಿ.

ನಿನ್ನ ಸಿಟ್ಟು ತಪ್ಪಲ್ಲ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದಾಗ ಪೆಟ್ರೋಲ್ ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು. 2025ರ ಜನವರಿಯಲ್ಲಿ ಬಸ್ಸಿನ ದರ ಶೇ 15 ಏರಿತು. ನಮಗೆ ಹೆಂಗಸರಿಗೆ ಶಕ್ತಿ ಯೋಜನೆ ಇದ್ದುದರಿಂದ ಅದು ತಟ್ಟಲಿಲ್ಲ, ನಿಮ್ಮ ಜೇಬಿಗೆ ತಟ್ಟಿತು. ಅದೇ ವರ್ಷ ಏಪ್ರಿಲ್ 1ರಂದು ಒಂದೇ ದಿನ ಡೀಸೆಲ್‌ಗೆ ಎರಡು ರೂಪಾಯಿ, ನಂದಿನಿ ಹಾಲಿಗೆ ನಾಲ್ಕು ರೂಪಾಯಿ, ಕರೆಂಟಿಗೆ ಯೂನಿಟ್‌ಗೆ 36 ಪೈಸೆ ಏರಿತು. ಬೆಳಗಾವಿಯ ನಮ್ಮ ಅಳಿಯಂದಿರು ಗೋವಾಕ್ಕೆ ಹೋದಾಗಲೆಲ್ಲ ಅಲ್ಲೇ ಟ್ಯಾಂಕ್ ತುಂಬಿಸಿಕೊಂಡು ಚೋರ್ಲಾ ಘಾಟ್ ಹತ್ತುತ್ತಾರೆ. ವಿಜಯಪುರದಲ್ಲಿರುವ ನಿನಗೆ ಆ ಭಾಗ್ಯವೂ ಇಲ್ಲ. ಪಕ್ಕದ ಸೊಲ್ಲಾಪುರಕ್ಕೆ ಹೋದರೆ ಇನ್ನೂ ದುಬಾರಿ.

ಆದರೆ ಸೌಹಾರ್ದ ಸಹಕಾರಿ ಸಂಘದ ಸಾಲದ ವಿಭಾಗದಲ್ಲಿ ಕುಳಿತು ನಾನು ನೋಡುವುದು ಬೇರೆಯೇ ಚಿತ್ರ. ಪೆಟ್ರೋಲ್ ಏರಿತು ಎಂದು ಪೇಪರಿನಲ್ಲಿ ಬಂದ ವಾರ ವಿದ್ಯುತ್ ಕಾರಿನ ಸಾಲ ವಿಚಾರಿಸುವವರು ಹೆಚ್ಚುತ್ತಾರೆ. ಮಾಸ್ತರರು, ಗುಮಾಸ್ತರು, ಸಣ್ಣ ಅಂಗಡಿಯವರು ಬರುತ್ತಾರೆ. ಬಡ್ಡಿ ಎಷ್ಟು, ಕಂತು ಎಷ್ಟು ಎಂದು ಕೇಳುತ್ತಾರೆ. ಮುಂಗಡ ಎರಡು ಲಕ್ಷ ನೀವೇ ಕಟ್ಟಬೇಕು ಎಂದ ಕೂಡಲೇ, ಮನೆಯಲ್ಲಿ ಕೇಳಿ ಬರುತ್ತೇವೆ ಎಂದು ಎದ್ದು ಹೋದವರು ಮರಳಿ ಬರುವುದು ಕಡಿಮೆ. ಆ ಎರಡು ಲಕ್ಷ ಕೂಡಿಡಬೇಕಾದ ಹಣವನ್ನು ಹಾಲು, ಎಣ್ಣೆ, ಬಾಡಿಗೆ, ಮಕ್ಕಳ ಶುಲ್ಕ ಆಗಲೇ ತಿಂದು ಮುಗಿಸಿರುತ್ತವೆ. ಕೊನೆಗೆ ಸಹಿ ಹಾಕಿ ಕೀಲಿಕೈ ಪಡೆಯುವವರು ಯಾರು ಗೊತ್ತೇ? ಸ್ವಂತ ಮನೆ, ಅಂಗಳ, ಮನೆಯಲ್ಲಿ ಇನ್ನೊಂದು ಡೀಸೆಲ್ ಕಾರು ಇರುವ ಡಾಕ್ಟರು, ಗುತ್ತಿಗೆದಾರರು, ಬಟ್ಟೆ ವ್ಯಾಪಾರಿಗಳು. ಪೆಟ್ರೋಲ್ ನೂರಾಐವತ್ತಾದರೂ ಅವರಿಗೆ ಊಟ ರುಚಿಸದೆ ಇರುವುದಿಲ್ಲ. ಯಾರಿಗೆ ಬಿಸಿ ಜೋರಾಗಿ ತಟ್ಟಿದೆಯೋ ಅವರೇ ಕೊಳ್ಳಲಾರರು, ತಟ್ಟದವರು ಕೊಳ್ಳುತ್ತಿದ್ದಾರೆ. ನಿನ್ನ ವಿಷಯದಲ್ಲೂ ನನಗೆ ಇದೇ ಕಾಣಿಸುತ್ತಿದೆ.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಬಬಲೇಶ್ವರದ ಶಾಲೆಗೆ ಹೋಗಿ ಬರುವುದು, ಭಾನುವಾರ ಒಂದಿಷ್ಟು ಓಡಾಟ, ಎಲ್ಲ ಸೇರಿ ತಿಂಗಳಿಗೆ ಸಾವಿರ ಕಿಲೋಮೀಟರ್ ಎಂದಿಟ್ಟುಕೋ. ನಿನ್ನ ಕಾರು ಲೀಟರಿಗೆ ಹದಿನಾರು ಕೊಡುತ್ತದೆ. ಪೆಟ್ರೋಲಿಗೆ 103 ಹಿಡಿದರೆ ತಿಂಗಳಿಗೆ ಆರು ಸಾವಿರದ ನಾನೂರು ಚಿಲ್ಲರೆ. ಸಣ್ಣ ವಿದ್ಯುತ್ ಕಾರು ಒಂದು ಯೂನಿಟ್‌ಗೆ ಏಳು ಕಿಲೋಮೀಟರ್ ಓಡುತ್ತದೆ. ಚಾರ್ಜ್ ಮಾಡುವಾಗ ಬಿಸಿಯಾಗಿ ಸೋರಿಹೋಗುವುದನ್ನೂ ಸೇರಿಸಿದರೆ ತಿಂಗಳಿಗೆ 160 ಯೂನಿಟ್ ಬೇಕು. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ 1,120. ಅಂಗಡಿಯವರು ನಿನಗೆ ತೋರಿಸಿದ್ದು ಇಷ್ಟೇ, ತಿಂಗಳಿಗೆ ಐದು ಸಾವಿರದ ಮುನ್ನೂರು ಉಳಿತಾಯ ಎಂದು. ಸುಳ್ಳಲ್ಲ. ಅರ್ಧ ಸತ್ಯ.

ಉಳಿದರ್ಧ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿದೆ. ಕರೆಂಟ್ ಹೇಗೂ ಪುಕ್ಕಟೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಾನು ಹಣೆ ಚಚ್ಚಿಕೊಂಡೆ. ಪುಕ್ಕಟೆ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟಕ್ಕೆ ಮಾತ್ರ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. ಒಟ್ಟು 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನಿಮ್ಮ ಮನೆಯದು 110 ಯೂನಿಟ್, ಕಾರಿನದು 160. ಸೇರಿದರೆ 270. ಇಲ್ಲಿಯವರೆಗೆ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಯ ಕರೆಂಟಿಗೂ ನೀನು ದುಡ್ಡು ತೆರುತ್ತೀಯ. ಕಾರಿನ ಚಾರ್ಜರಿಗೆಂದು ಮಂಜೂರಾದ ಲೋಡ್ ಹೆಚ್ಚಿಸಿದರೆ ಕಿಲೋವ್ಯಾಟ್‌ಗೆ ಇಷ್ಟೆಂದು ನಿಗದಿತ ಶುಲ್ಕವೂ ಏರುತ್ತದೆ. ಉಳಿತಾಯದಿಂದ ಸಾವಿರ ರೂಪಾಯಿ ಇಲ್ಲಿಯೇ ಕಳೆಯಿತು. ವಾಹನ ಚಾರ್ಜಿಂಗ್‌ಗೆ ನಮ್ಮ ಕಡೆ ಕರೆಂಟ್ ಕೊಡುವ ಹೆಸ್ಕಾಂನ ದರಪಟ್ಟಿಯಲ್ಲಿ ಬೇರೆ ದರವಿದೆ. ಪ್ರತ್ಯೇಕ ಮೀಟರ್ ಸಿಕ್ಕರೆ ಮನೆಯ ಮೀಟರಿಗೆ ಪೆಟ್ಟು ಬೀಳುವುದಿಲ್ಲ. ಆದರೆ ನೀನಿರುವುದು ಬಾಡಿಗೆ ಮನೆ. ಆ ಹಳೆಯ ಮನೆಯಲ್ಲಿ ಮಿಕ್ಸರ್ ಮತ್ತು ಗೀಸರ್ ಒಟ್ಟಿಗೆ ಹಾಕಿದರೆ ದೀಪ ಮಂಕಾಗುವುದನ್ನು ನಾನೇ ನೋಡಿದ್ದೇನೆ. ಅರ್ಥಿಂಗ್ ಸರಿಪಡಿಸಿ, ದಪ್ಪ ತಂತಿ ಎಳೆದು, ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಎಂಸಿಬಿಯನ್ನು ಬೇರೆಯಾಗಿ ಕೂರಿಸಲು ಮನೆಯ ಮಾಲೀಕರು ಒಪ್ಪುತ್ತಾರೆಯೇ? ಗೋಡೆಗೆ ಮೊಳೆ ಹೊಡೆದದ್ದಕ್ಕೇ ಅವರು ಎರಡು ದಿನ ಮಾತು ಬಿಟ್ಟವರು.

ಇನ್ನು ಕಂತು. ಹತ್ತು ಲಕ್ಷದ ಕಾರಿಗೆ ಎರಡು ಲಕ್ಷ ಮುಂಗಡ ಕಟ್ಟಿ, ಎಂಟು ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 12,870 ರೂಪಾಯಿ. ಹಳೆಯ ಕಾರಿನ ಸಾಲ ತೀರಿದೆ, ಅದು ಓಡುತ್ತಿದೆ. ನಾಲ್ಕು ಸಾವಿರದ ಮುನ್ನೂರು ಉಳಿಸಲು ಹನ್ನೆರಡು ಸಾವಿರದ ಎಂಟುನೂರು ಕಟ್ಟುವುದು ಯಾವ ಲೆಕ್ಕ? ಮಕ್ಕಳಿಗೆ ಗಣಿತ ಹೇಳಿಕೊಡುವವನು ನೀನು, ನಾನಲ್ಲ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಕಾರಿನ ಕೊಂಡಿಯನ್ನೂ ಕಳಿಸಿದ್ದೀಯ. 2024ರಲ್ಲಿ ಎಂಜಿ ವಿಂಡ್ಸರ್ ಎಂಬ ಆ ಬಗೆಯ ಕಾರು ಬಂದಾಗ ಬ್ಯಾಟರಿ ಬಾಡಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಎಂದಿದ್ದರು. ಅದಕ್ಕೆ ಕರೆಂಟಿನ ಒಂದು ರೂಪಾಯಿ ಚಿಲ್ಲರೆ ಸೇರಿಸು, ಕಿಲೋಮೀಟರಿಗೆ ನಿನ್ನ ಪೆಟ್ರೋಲಿಗೆ ಬೀಳುವ ಆರೂವರೆಯ ಪಕ್ಕದಲ್ಲಿ ಇಡು. ಉಳಿಯುವುದು ಎರಡು ರೂಪಾಯಿ ಕೂಡ ಇಲ್ಲ. ಬೆಲೆಪಟ್ಟಿಯಲ್ಲಿ ಕಾರು ಅಗ್ಗವಾಗಿ ಕಾಣುತ್ತದೆ, ಅಷ್ಟೇ.

ಹೊಸ ಕಾರು ಕೊಳ್ಳಲೇಬೇಕಾದವರ ಮಾತು ಬೇರೆ. ಅಲ್ಲಿ ನೋಡಬೇಕಾದದ್ದು ಪೂರ್ತಿ ಬೆಲೆಯನ್ನಲ್ಲ, ಪೆಟ್ರೋಲ್ ಕಾರಿಗೂ ವಿದ್ಯುತ್ ಕಾರಿಗೂ ಇರುವ ಅಂತರವನ್ನು. ಆ ಅಂತರ ಕುಗ್ಗುತ್ತ ಬಂದಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ವಿದ್ಯುತ್ ಕಾರಿನ ಶೇ 5 ಹಾಗೆಯೇ ಉಳಿಯಿತು. ಅಂತರ ಮತ್ತೆ ಹಿಗ್ಗಿತು. ಸರಕಾರಗಳು ಪೆಟ್ರೋಲ್ ದುಬಾರಿ ಮಾಡಿ ಒಂದು ಕೈಯಿಂದ ವಿದ್ಯುತ್ ಕಾರಿನ ಕಡೆ ತಳ್ಳಿದವು, ಪೆಟ್ರೋಲ್ ಕಾರನ್ನು ಅಗ್ಗ ಮಾಡಿ ಇನ್ನೊಂದು ಕೈಯಿಂದ ಹಿಂದಕ್ಕೆ ಎಳೆದವು. ಈಗಲೂ ಒಂದೇ ಗಾತ್ರದ ಎರಡು ಕಾರುಗಳ ನಡುವೆ ಎರಡೂವರೆ, ಮೂರು ಲಕ್ಷದ ವ್ಯತ್ಯಾಸ ಬೀಳುತ್ತದೆ.

ಆದ್ದರಿಂದ ಜಮಖಂಡಿಯ ಮಾಮಾ, ಈ ಬಳಗದಲ್ಲಿ ವಿದ್ಯುತ್ ಕಾರು ತೆಗೆದುಕೊಳ್ಳಬೇಕಾದವರು ನೀವು. ನಿನ್ನೆಯಿಂದ ಒಂದು ಮಾತನ್ನೂ ಆಡದೆ ಕುಳಿತಿದ್ದೀರಿ. ನಿಮ್ಮ ಡೀಸೆಲ್ ಕಾರಿನ ಆಯುಷ್ಯ ಮುಗಿಯುತ್ತ ಬಂದಿದೆ, ಹೇಗೂ ಹೊಸದು ಬೇಕು. ಔಷಧಿ ಅಂಗಡಿಗಳ ಆರ್ಡರಿಗೆಂದು ಮುಧೋಳ, ಲೋಕಾಪುರ ಎಂದು ದಿನಕ್ಕೆ ನೂರು ಕಿಲೋಮೀಟರ್ ತಿರುಗುತ್ತೀರಿ, ತಿಂಗಳಿಗೆ ಎರಡೂವರೆ ಸಾವಿರ. ಲೀಟರಿಗೆ ಇಪ್ಪತ್ತು ಕೊಟ್ಟರೂ, ಡೀಸೆಲ್‌ಗೆ ತೊಂಬತ್ತು ಮಾತ್ರ ಹಿಡಿದರೂ 11,250 ರೂಪಾಯಿ. ಮನೆಯಲ್ಲಿ ಪ್ರತ್ಯೇಕ ಮೀಟರ್ ಹಾಕಿಸಿ ಚಾರ್ಜ್ ಮಾಡಿದರೆ 400 ಯೂನಿಟ್, ಏಳು ರೂಪಾಯಿಯಂತೆ 2,800. ವರ್ಷಕ್ಕೆ ಲಕ್ಷದ ಮೇಲೆ ಉಳಿತಾಯ. ಮೂರು ಲಕ್ಷದ ಅಂತರ ಮೂರು ವರ್ಷದಲ್ಲಿ ತೀರುತ್ತದೆ. ಮನೆ ಸ್ವಂತದ್ದು, ಮಾಳಿಗೆ ಖಾಲಿ ಬಿದ್ದಿದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಫಲಕಗಳಿಗೆ 78,000 ರೂಪಾಯಿ ಸಹಾಯಧನವಿದೆ. ನಮ್ಮ ಕಡೆಯ ಬಿಸಿಲಿಗೆ ಅದು ತಿಂಗಳಿಗೆ ಮುನ್ನೂರು ಯೂನಿಟ್ ದಾಟಿಸುತ್ತದೆ. ಏಪ್ರಿಲ್ ಬಿಸಿಲನ್ನು ಬೈಯುತ್ತಲೇ ಬಂದಿದ್ದೇವೆ, ಒಮ್ಮೆ ದುಡಿಸಿಕೊಳ್ಳೋಣ.

ನಿಮಗೆ ಮಾತ್ರ ಎರಡು ಎಚ್ಚರಿಕೆ. ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ವರ್ಷಕ್ಕೆ ಮೂವತ್ತು ಸಾವಿರ ಓಡಿಸುವ ನಿಮಗೆ ಅದು ಎಂಟು ವರ್ಷವಲ್ಲ, ಐದು ವರ್ಷ ನಾಲ್ಕು ತಿಂಗಳು. ಸಾಲದ ಅವಧಿಯನ್ನು ಅದರೊಳಗೆ ಮುಗಿಯುವಂತೆ ಮಾಡಿಸಿಕೊಳ್ಳಿ, ಏಳು ವರ್ಷ ಬೇಡ. ಎರಡನೆಯದು, ಕಂಪನಿ ಹೇಳುವ ದೂರವನ್ನು ನಂಬಿ ದಿನಚರಿ ಹಾಕಬೇಡಿ. ಎಸಿ ಹಾಕಿಕೊಂಡು ಮೇ ತಿಂಗಳಲ್ಲಿ ಓಡಿಸಿದರೆ ಅದರ ಮೂರನೇ ಎರಡು ಭಾಗ ಸಿಕ್ಕರೆ ಸಾಕು. ನಲವತ್ತೆರಡು ಡಿಗ್ರಿಯಲ್ಲಿ ಬಂದು ನಿಲ್ಲಿಸಿದ ಕೂಡಲೇ ಚಾರ್ಜಿಗೆ ಹಾಕುವುದೂ ಬೇಡ, ರಾತ್ರಿ ಹಾಕಿ. ದಾರಿಯಲ್ಲಿನ ವೇಗದ ಚಾರ್ಜರ್‌ಗಳನ್ನು ಕಷ್ಟಕಾಲಕ್ಕೆ ಮಾತ್ರ ಇಟ್ಟುಕೊಳ್ಳಿ. ಅಲ್ಲಿ ಯೂನಿಟ್‌ಗೆ ಇಪ್ಪತ್ತರ ಆಸುಪಾಸು ತೆತ್ತರೆ ನಿಮ್ಮ ಉಳಿತಾಯ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಬೆಳಗಾವಿ–ಧಾರವಾಡದ ಹೆದ್ದಾರಿಯಲ್ಲಿ ಅವು ಸುಲಭವಾಗಿ ಸಿಗುತ್ತವೆ, ನಿಮ್ಮ ಒಳದಾರಿಗಳಲ್ಲಿ ಆ ಭರವಸೆ ಬೇಡ. ಮೊಬೈಲಿನಲ್ಲಿ ಚಾಲೂ ಇದೆ ಎಂದು ತೋರಿಸುತ್ತದೆ, ಹೋಗಿ ನೋಡಿದರೆ ಪರದೆ ಕಪ್ಪಾಗಿರುತ್ತದೆ.

ಕಾಕಾ, ನಿಮ್ಮ ಆಕ್ಷೇಪವನ್ನೂ ಕೇಳಿಸಿಕೊಂಡಿದ್ದೇನೆ. ಎಲ್ಲರೂ ಕರೆಂಟಿನ ಕಾರು ಹತ್ತಿದರೆ ನಮ್ಮ ಕಬ್ಬಿನ ಎಥೆನಾಲ್ ಯಾರಿಗೆ ಬೇಕು ಎಂದಿರಿ. ಬಳಗದವರು ನಕ್ಕರು, ನನಗೆ ನಗು ಬರಲಿಲ್ಲ. ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಸುವ ಮಟ್ಟಕ್ಕೆ ದೇಶ 2025ರಲ್ಲಿ ಬಂದು ನಿಂತಿದೆ. ನಮ್ಮ ಜಿಲ್ಲೆಗಳ ಕಾರ್ಖಾನೆಗಳು ಅದನ್ನು ನಂಬಿ ಬಂಡವಾಳ ಹಾಕಿವೆ. ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕುಳಿತದ್ದೂ ಅದೇ ವರ್ಷದ ನವೆಂಬರ್‌ನಲ್ಲಿ. ಆದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಆದ್ದರಿಂದ ಲೀಟರಿಗೆ ಓಡುವ ದೂರ ಸ್ವಲ್ಪ ಇಳಿಯುತ್ತದೆ. ಬಂಕಿನಲ್ಲಿ ದರ ಮಾತ್ರ ಇಳಿದಿಲ್ಲ. ತಮ್ಮನಂಥವರಿಗೆ ಸಿಟ್ಟು ಬರುವುದರಲ್ಲಿ ಇದರ ಪಾಲೂ ಇದೆ. ಇನ್ನು ಕರೆಂಟಿನ ಕಾರಿಗೆ ಹೊಗೆಯೇ ಇಲ್ಲ ಎಂದು ಯಾರೋ ಬರೆದಿದ್ದರು. ವಿಜಯಪುರ ಜಿಲ್ಲೆಯ ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡಿ ಬರಲಿ. 2,400 ಮೆಗಾವ್ಯಾಟ್, ಎಲ್ಲವೂ ಕಲ್ಲಿದ್ದಲು. ಹೊಗೆ ನಮ್ಮ ಊರಿನ ರಸ್ತೆಯಲ್ಲಿ ಇರುವುದಿಲ್ಲ ಎನ್ನಿ, ಒಪ್ಪುತ್ತೇನೆ.

ತಮ್ಮಾ, ಮುಖ ಸಣ್ಣದು ಮಾಡಿಕೊಳ್ಳಬೇಡ. ನಿನಗೆ ಹೇಳುವುದು ಎರಡು. ನಿನ್ನ ಶಾಲೆಯ ಇಬ್ಬರು ಮಾಸ್ತರರು ನಿಮ್ಮ ಓಣಿಯ ಪಕ್ಕದಲ್ಲೇ ಇದ್ದಾರೆ, ಅವರನ್ನು ಹತ್ತಿಸಿಕೊಂಡು ಹೋಗಿ ಪೆಟ್ರೋಲ್ ಹಂಚಿಕೊಳ್ಳಿ. ಅವರು ದಾರಿಯುದ್ದಕ್ಕೂ ವರ್ಗಾವಣೆಯ ಮಾತೇ ಆಡುತ್ತಾರೆ ಎಂದು ನಿನಗೆ ಬೇಸರ. ತಿಂಗಳಿಗೆ ನಾಲ್ಕು ಸಾವಿರ ಉಳಿಯುವುದಾದರೆ ವರ್ಗಾವಣೆಯ ಮಾತು ಕೇಳಬಹುದು. ವಿದ್ಯುತ್ ಕಾರು ಉಳಿಸುತ್ತಿದ್ದುದೂ ಅಷ್ಟೇ. ಎರಡನೆಯದು, ತರಕಾರಿಗೆ, ಮಕ್ಕಳ ಟ್ಯೂಷನ್‌ಗೆ ಕಾರು ತೆಗೆಯುವುದನ್ನು ಬಿಟ್ಟು, ಬೇಕಿದ್ದರೆ ಒಂದು ವಿದ್ಯುತ್ ಸ್ಕೂಟರ್ ತೆಗೆದುಕೋ. ಅದು ತಿಂಗಳಿಗೆ ಹತ್ತು ಹದಿನೈದು ಯೂನಿಟ್‌ನಲ್ಲಿ ಮುಗಿಯುತ್ತದೆ, 200ರ ಗಡಿಯ ಹತ್ತಿರವೂ ಹೋಗುವುದಿಲ್ಲ, ಮನೆಯ ಮಾಲೀಕರಿಗೂ ಗೊತ್ತಾಗುವುದಿಲ್ಲ.

ಮಾಮಾ, ಸೋಮವಾರ ಬಾಗಲಕೋಟೆಗೆ ಬರುವವರಿದ್ದೀರಲ್ಲ, ನವನಗರದ ನಮ್ಮ ಕಚೇರಿಗೆ ಬನ್ನಿ. ಕಾರಿನ ಆರ್‌ಸಿ, ಆರು ತಿಂಗಳ ಕರೆಂಟ್ ಬಿಲ್ಲು, ಮನೆಯ ಉತಾರೆ ತನ್ನಿ. ರಸ್ತೆ ತೆರಿಗೆಯ ನಿಯಮ ಬದಲಾಗುತ್ತಲೇ ಇರುತ್ತದೆ, ಶೋರೂಮಿನವರ ಬಾಯಿಮಾತು ಬೇಡ, ಬರುವ ದಾರಿಯಲ್ಲಿ ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಂಡು ಬನ್ನಿ. ಮಧ್ಯಾಹ್ನ ಎರಡರ ಒಳಗೆ ಬಂದರೆ ಅಂದೇ ಅರ್ಜಿ ತುಂಬಿಸುತ್ತೇನೆ.