‘ಫ್ಲಿಪ್-ಫ್ಲಾಪ್’ಗೆ ‘ಉಲ್ಟಾ ಹೊಡೆ’ ಸರಿಹೋಗುತ್ತದೆಯೇ? ಜೊತೆಗೆ ‘ಹಸ್ತಕ್ಷೇಪ’ದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಲಿಬಿಯಾ ಯುದ್ಧದ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ನ್ಯೂಟ್ ಗಿಂಗ್ರಿಚ್ ಪ್ರಸಂಗದಲ್ಲಿ ಎರಡು ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಆಗಿದ್ದು ಇಷ್ಟು. ಗಿಂಗ್ರಿಚ್ ಅಮೆರಿಕದ ಪ್ರತಿನಿಧಿ ಸಭೆಯ ಮಾಜಿ ಸ್ಪೀಕರ್. 2011ರಲ್ಲಿ ಅಧ್ಯಕ್ಷ ಪದವಿಗೆ ನಿಲ್ಲುವ ತಯಾರಿಯಲ್ಲಿದ್ದರು. ಲಿಬಿಯಾದ ಸರ್ವಾಧಿಕಾರಿ ಗಡಾಫಿ ವಿಷಯದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮಾರ್ಚ್ 7ರಂದು ಟೀವಿಯಲ್ಲಿ ಕೇಳಿದರು. ಇವತ್ತು ಸಂಜೆಯೇ ಲಿಬಿಯಾದ ಮೇಲೆ ವಿಮಾನ ಹಾರಾಟ ನಿಷೇಧಿಸುತ್ತೇನೆ ಎಂದರು ಇವರು. 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದಕ್ಕೆ ಅನುಮತಿ ಕೊಡುವ ನಿರ್ಣಯ (ಸಂಖ್ಯೆ 1973) ಒಪ್ಪಿತು (ಭಾರತ ಮತ ಹಾಕದೆ ದೂರ ಉಳಿಯಿತು). 19ಕ್ಕೆ ಅಮೆರಿಕ ಮತ್ತು ಮಿತ್ರದೇಶಗಳ ದಾಳಿ ಶುರು. 23ರಂದು ಇದೇ ಗಿಂಗ್ರಿಚ್ ಇನ್ನೊಂದು ಚಾನೆಲ್‌ನಲ್ಲಿ, ನಾನಾಗಿದ್ದರೆ ಕೈ ಹಾಕುತ್ತಿರಲಿಲ್ಲ ಎಂದುಬಿಟ್ಟರು. ನಡುವೆ ಬದಲಾಗಿದ್ದೇನು ಅಂದರೆ, ಅವರು ಹೇಳಿದ ಕೆಲಸವನ್ನು ಎದುರು ಪಕ್ಷದ ಅಧ್ಯಕ್ಷ ಒಬಾಮ ಮಾಡಿದ್ದರು!

ಇದಕ್ಕೆ ಮೂಲದಲ್ಲಿರುವ ಪದ ‘ಫ್ಲಿಪ್-ಫ್ಲಾಪ್’. ಹವಾಯಿ ಚಪ್ಪಲಿಗೂ ಅಲ್ಲಿ ಅದೇ ಹೆಸರು, ಇರಲಿ.

ಮೊದಲು ‘ಉಲ್ಟಾ ಹೊಡೆದರು’ ಎಂದು ಬರೆದೆ. ಆದರೆ ಕೋರ್ಟಿನಲ್ಲಿ ಸಾಕ್ಷಿ ಉಲ್ಟಾ ಹೊಡೆದ ಅಂದರೆ, ಹಿಂದೆ ಹೇಳಿದ್ದನ್ನು ನಾನು ಹೇಳೇ ಇಲ್ಲ ಅಂದ ಎಂದು ಅರ್ಥ ಅಲ್ವಾ? ಗಿಂಗ್ರಿಚ್ ಹಾಗೆ ಮಾಡಲಿಲ್ಲ. ಗಡಾಫಿ ಹೋಗಲೇಬೇಕು ಎಂದು ಒಬಾಮ ಮಾರ್ಚ್ 3ರಂದೇ ಬಹಿರಂಗವಾಗಿ ಹೇಳಿದ್ದರು, ಹಾಗೆ ಹೇಳಿದ ಮೇಲೆ ಹಿಂದೆ ಸರಿಯುವಂತಿರಲಿಲ್ಲ, ಅದಕ್ಕೂ ಮುಂಚೆ ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದು ಸಮಜಾಯಿಷಿ ಕೊಟ್ಟರು. ನನಗೆ ಅದು ಜಾಸ್ತಿ ಜಾಣತನವಾಗಿ ಕಾಣುತ್ತದೆ. ಆದರೂ ಅನುವಾದದಲ್ಲಿ ನಾನು ತೀರ್ಪು ಕೊಡುವ ಹಾಗಿಲ್ಲ.

‘ನಿಲುವು ಬದಲಿಸಿದರು’ ಅಂದರೆ ತೀರಾ ಮರ್ಯಾದೆಯಾಯಿತು, ಯೋಚಿಸಿ ಬದಲಿಸಿದಂತೆ ಕೇಳಿಸುತ್ತದೆ. ‘ಗೋಸುಂಬೆ’ ಮನುಷ್ಯನಿಗೆ ಬೈಗುಳ, ಅವನು ಮಾಡಿದ ಕೆಲಸದ ಹೆಸರಲ್ಲ. ‘ಎರಡು ನಾಲಗೆ’ ಒಬ್ಬೊಬ್ಬರ ಮುಂದೆ ಒಂದೊಂದು ಹೇಳುವವರಿಗೆ. ‘ತಿಪ್ಪರಲಾಗ’ ಕೇಳಲು ಚೆನ್ನ, ಆದರೆ ‘ತಿಪ್ಪರಲಾಗ ಹಾಕಿದರೂ ಆಗಲ್ಲ’ ಎನ್ನುವಲ್ಲಿ ಅದರ ಅರ್ಥವೇ ಬೇರೆ. ಪತ್ರಿಕೆಗಳ ‘ಯೂ-ಟರ್ನ್’ ಒಂದು ಸಲ ತಿರುಗಿದ್ದಕ್ಕೆ ಸರಿ. 2004ರಲ್ಲಿ ಅಧ್ಯಕ್ಷ ಪದವಿಗೆ ನಿಂತಿದ್ದ ಜಾನ್ ಕೆರ್ರಿಯಂಥವರಿಗೆ ಸಾಲದು: 1991ರಲ್ಲಿ ಇರಾಕ್ ವಿರುದ್ಧದ ಯುದ್ಧಕ್ಕೆ ಬೇಡ, 2002ರಲ್ಲಿ ಬೇಕು, 2003ರಲ್ಲಿ ಅದೇ ಯುದ್ಧದ 8,700 ಕೋಟಿ ಡಾಲರ್ ಖರ್ಚಿಗೆ ಮತ್ತೆ ಬೇಡ ಎಂದು ಸೆನೆಟ್‌ನಲ್ಲಿ ಮತ ಹಾಕಿದವರು. ಸದ್ಯಕ್ಕೆ ನನಗೆ ಹತ್ತಿರ ಅನ್ನಿಸುವುದು ‘ಪ್ಲೇಟ್ ಬದಲಾಯಿಸು’. ಆದರೆ ಗಂಭೀರ ಲೇಖನದಲ್ಲಿ ಅದು ನಿಲ್ಲುತ್ತದೆಯೇ?

ಇನ್ನು ‘ಮಿಲಿಟರಿ ಇಂಟರ್‌ವೆನ್ಷನ್’. ಇದೇ ನಿಜವಾದ ತಲೆನೋವು. ‘ಸೇನಾ ಹಸ್ತಕ್ಷೇಪ’ ಅಂದರೆ ಓದುಗರಿಗೆ ಅದು ಆಗಲೇ ತಪ್ಪು ಕೆಲಸ. ‘ಮಧ್ಯಪ್ರವೇಶ’ ಅಂದರೆ ಜಗಳ ಬಿಡಿಸಲು ಹೋದವರ ಹಾಗೆ, ಕೋರ್ಟ್ ಮಧ್ಯಪ್ರವೇಶಿಸಿತು ಅನ್ನುತ್ತೇವಲ್ಲ, ಆ ಥರ. ಮೊದಲ ಕರಡಿನಲ್ಲಿ ಮಾರ್ಚ್ 7ರ ಮಾತಿಗೆ ಮಧ್ಯಪ್ರವೇಶ, 23ರ ಮಾತಿಗೆ ಹಸ್ತಕ್ಷೇಪ ಎಂದು ಹಾಕಿದ್ದೆ. ಕನ್ನಡದಲ್ಲಿ ಸಹಜವಾಗಿಯೇ ಓದಿಸಿಕೊಂಡಿತು. ಆದರೆ ಅವರು ಬೇಕು ಅಂದಿದ್ದೂ ಬೇಡ ಅಂದಿದ್ದೂ ಒಂದೇ ಕೆಲಸ ಎನ್ನುವುದೇ ಅಲ್ಲಿ ಮಾಯವಾಗಿತ್ತು. ಹಾಗಾಗಿ ಎರಡೂ ಕಡೆ ಒಂದೇ ಪದ ಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ‘ಸೇನೆ ಇಳಿಸುವುದು’ ಎನ್ನೋಣವೆಂದರೆ, ಲಿಬಿಯಾದಲ್ಲಿ ನಡೆದದ್ದು ವಿಮಾನ, ಕ್ಷಿಪಣಿಗಳ ದಾಳಿ. ‘ಸೇನಾ ಕಾರ್ಯಾಚರಣೆ’ಯಲ್ಲಿ ಬೇರೆ ದೇಶದೊಳಗೆ ಕೈ ಹಾಕುವ ಅರ್ಥ ಬರುವುದಿಲ್ಲ.

ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಮೊದಲ ಪದಕ್ಕೆ ಏನನ್ನುತ್ತೀರಿ? ಎರಡನೆಯದಕ್ಕೆ ‘ಹಸ್ತಕ್ಷೇಪ’ವನ್ನೇ ಎರಡೂ ಕಡೆ ಇಟ್ಟರೆ ಮಾರ್ಚ್ 7ರ ಗಿಂಗ್ರಿಚ್‌ಗೆ ಅನ್ಯಾಯವಾಗುತ್ತದೆ ಅನ್ನಿಸುತ್ತದೆಯೇ?