ಸಹಾಯ ಬೇಕು: ಟೆಟ್ರಿಸ್‌ನಲ್ಲಿ ಟಿ-ಸ್ಪಿನ್ ಯಾವಾಗ ಪೂರ್ತಿ, ಯಾವಾಗ ಮಿನಿ?

ಟೆಟ್ರಿಸ್ ಚೆನ್ನಾಗಿ ಆಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಟಿ-ಸ್ಪಿನ್, ಅಂದರೆ ಟಿ ಆಕಾರದ ತುಂಡನ್ನು ಕೊನೆಯಲ್ಲಿ ತಿರುಗಿಸಿ ಇಕ್ಕಟ್ಟಿನ ಜಾಗಕ್ಕೆ ಕೂರಿಸುವುದು, ಕಲಿಯುತ್ತಿದ್ದೇನೆ. ಆಟ ಅದನ್ನು ಪೂರ್ತಿ ಇಲ್ಲವೇ ಮಿನಿ ಅಂತ ಲೆಕ್ಕ ಹಾಕುತ್ತದೆ; ಅಲ್ಲಿ ಒಂದು ಕಡೆ ತಲೆ ಓಡುತ್ತಿಲ್ಲ.

ನನಗೆ ಅರ್ಥವಾಗಿರುವುದು ಇಷ್ಟು. ಟಿ ತುಂಡಿನ ನಡುಮನೆಗೆ (ಮಧ್ಯದ ಚೌಕಕ್ಕೆ) ಓರೆಯಾಗಿ ತಾಗುವ ನಾಲ್ಕು ಮನೆಗಳೇ ಅದರ ನಾಲ್ಕು ಮೂಲೆ. ಅದರಲ್ಲಿ ಮೂರಾದರೂ ತುಂಬಿರಬೇಕು, ಕೊನೆಗೆ ಮಾಡಿದ್ದು ತಿರುಗಿಸುವುದೇ ಆಗಿರಬೇಕು. ಗೋಡೆ, ನೆಲ ಕೂಡ ತುಂಬಿದ ಮೂಲೆ ಅಂತಲೇ ಲೆಕ್ಕ. ಟಿ ಮೂತಿಯ (ಹೊರಗೆ ಚಾಚಿದ ಒಂಟಿ ಚೌಕದ) ಕಡೆ ಎರಡೂ ಮೂಲೆ ತುಂಬಿದ್ದರೆ ಪೂರ್ತಿ, ಒಂದೇ ತುಂಬಿದ್ದರೆ ಮಿನಿ. ಮೊದಲ ಲೆವೆಲ್‌ನಲ್ಲಿ ಒಂದು ಸಾಲು ಅಳಿಸಿದರೆ ಮಿನಿಗೆ 200 ಅಂಕ, ಪೂರ್ತಿಗೆ 800. ತುಂಬಾ ವ್ಯತ್ಯಾಸ ಅಲ್ವಾ?

ಎಡಗೋಡೆಗೆ ಟಿ ಬೆನ್ನು (ಮೂತಿಯ ಎದುರಿನ ಚಪ್ಪಟೆ ಬದಿ) ಅಂಟಿಸಿ ಕೂರಿಸಿದೆ. ಬೆನ್ನಿನ ಎರಡು ಮೂಲೆಗೆ ಗೋಡೆ, ಮೂತಿಯ ಕಡೆ ಕೆಳಗೆ ಒಂದೇ ಬ್ಲಾಕ್. ಮಿನಿ ಅಂತ ಬಂತು, ಸರಿ. ಆದರೆ ಚಾಚಿದ ಬ್ಲಾಕಿನ ಪಕ್ಕ ತಿರುಗಿಸಿದಾಗ ಟಿ ಒಂದು ಮನೆ ಪಕ್ಕಕ್ಕೆ, ಎರಡು ಮನೆ ಕೆಳಕ್ಕೆ ಜಾರಿ ಕೂತಿತು. ಇಲ್ಲೂ ಮೂತಿಯ ಕಡೆ ಒಂದೇ ಮೂಲೆ ತುಂಬಿತ್ತು. ಆದರೂ ಪೂರ್ತಿ ಟಿ-ಸ್ಪಿನ್ ಅಂತ ತೋರಿಸಿತು!

ಪ್ರಾಕ್ಟೀಸ್ ಮೋಡ್‌ನಲ್ಲಿ ಮತ್ತೆ ಮತ್ತೆ ನೋಡಿದೆ, ಫಲಿತಾಂಶ ಅದೇ. ವಿಡಿಯೋಗಳನ್ನು ನಿಧಾನ ಮಾಡಿ ನೋಡಿದರೂ ಉಪಯೋಗವಾಗಲಿಲ್ಲ. ಎಲ್ಲರೂ ತುಂಡು ಕೂತ ಜಾಗ ತೋರಿಸುತ್ತಾರೆ, ಹೇಗೆ ಜಾರಿತು ಅನ್ನುವುದನ್ನು ಸುಮ್ನೆ ದಾಟಿಸಿಬಿಡುತ್ತಾರೆ. ನನಗೆ ಬೇಕಿರುವುದೇ ಅದು.

ನನ್ನ ಪ್ರಶ್ನೆ: ಪಕ್ಕಕ್ಕೆ ಒಂದು, ಕೆಳಕ್ಕೆ ಎರಡು ಜಾರಿದರೆ ಮೂತಿಯ ಮೂಲೆಗಳನ್ನು ಆಟ ನೋಡುವುದೇ ಇಲ್ಲವಾ? ಹಾಗೆ ಜಾರಿದ ಮೇಲೆ ಅಲ್ಲೇ ಇನ್ನೊಮ್ಮೆ ತಿರುಗಿಸಿದರೆ ಅದು ಮಿನಿ ಆಗುತ್ತದಾ, ಪೂರ್ತಿಯಾಗೇ ಉಳಿಯುತ್ತದಾ?